ಅವ್ವನ ಕಲ್ಲುಗುಲಾಬಿ, ಅತ್ತೆಯ ತಂಬಿಗೆ

ಹೋದ ವಾರ ಉದಗೀರಕ್ಕೆ ಹೋಗಿದ್ದೆ. ನಾದಿನಿ ಸುರೇಖಾ ಹೊಸ ಮನೆ ಕಟ್ಟಿಸಿದ್ದಾಳೆ. ತೋರಿಸುವ ಉಮೇದಿಯಲ್ಲಿ ನನ್ನನ್ನು ನೀರು ಕುಡಿಯಲೂ ಬಿಡದೆ ಕೋಣೆಯಿಂದ ಕೋಣೆಗೆ ಎಳೆದುಕೊಂಡು ಹೋದಳು. ಅಡುಗೆಮನೆಯ ಕಿಟಕಿಯ ಹತ್ತಿರ ಬಂದಾಗ ಮೂಗಿಗೆ ಒಂದು ವಾಸನೆ ಬಡಿಯಿತು. ನೆನೆದ ಗೋಣಿಚೀಲವನ್ನು ಮೂಲೆಯಲ್ಲಿ ಮಡಿಚಿಟ್ಟು ಮರೆತರೆ ಬರುತ್ತದಲ್ಲ, ಅಂಥದ್ದು, ಜೊತೆಗೆ ಸ್ವಲ್ಪ ಹುಳಿ. ಬೇರೆಯವರಾಗಿದ್ದರೆ ಬಚ್ಚಲು ಕಟ್ಟಿಕೊಂಡಿದೆ ಎನ್ನುತ್ತಿದ್ದರು. ನನಗೆ ಮಾತ್ರ ಗೊತ್ತಾಯಿತು, ಇಲ್ಲಿ ಯಾವುದೋ ಕುಂಡದಲ್ಲಿ ಬೇರು ಕೊಳೆಯುತ್ತಿದೆ.

ನೋಡಿದರೆ ಕಿಟಕಿಯಲ್ಲಿ ಚಂದದ ಬಿಳಿ ಪಿಂಗಾಣಿ ಕುಂಡ. ಅಡಿಯಲ್ಲಿ ತೂತಿಲ್ಲ. ಅದರೊಳಗೆ ನಮ್ಮ ಮನೆಯಿಂದಲೇ ತಂದ ಕಲ್ಲುಗುಲಾಬಿ. ಕೆಳಗಿನ ಎಲೆಗಳು ಹಳದಿಯಾಗಿ, ಒಳಗೆ ನೀರು ತುಂಬಿದಂತೆ ಪಾರದರ್ಶಕವಾಗಿ, ಬೆರಳು ತಾಗಿದರೆ ಉದುರುವ ಸ್ಥಿತಿಯಲ್ಲಿದ್ದವು.

“ವೈನಿ, ದಿನಾ ತಪ್ಪದೇ ನೀರ ಹಾಕ್ತೀನಿ, ಆದ್ರೂ ಎಲಿ ಉದುರ್ಲತ್ತಾವ ನೋಡ್ರಿ. ಇನ್ನ ಜರಾ ಜಾಸ್ತಿ ಹಾಕ್ಲೇನು?” ಎಂದಳು ಸುರೇಖಾ.

ನಾನು ಉತ್ತರ ಹೇಳುವ ಗೋಜಿಗೆ ಹೋಗದೆ ನಿಲಂಗಾಕ್ಕೆ, ನಮ್ಮತ್ತೆಗೆ ಫೋನು ಹಚ್ಚಿ ಸ್ಪೀಕರ್ ಮೇಲೆ ಇಟ್ಟೆ. ಮಗಳ ಮಾತು ಪೂರ್ತಿ ಕೇಳಿಸಿಕೊಳ್ಳುವಷ್ಟು ತಾಳ್ಮೆ ಅತ್ತೆಗೆ ಇರಲಿಲ್ಲ.

“ಸುರೇಖಾ, ಮೊದಲ ಆ ತಂಬಗಿ ಕೆಳಗ ಇಡು! ಗಿಡ ಕಿತ್ತು ತೆಗಿ, ಕೊಳತಿದ್ದಷ್ಟು ಕಡಿ, ನೆರಳಾಗ ಒಣಗಸು, ಹಚ್ಚಿದ ಮ್ಯಾಲ ಅದನ್ನ ಮರತು ಬಿಡು. ಊದಿನಕಡ್ಡಿ ಚುಚ್ಚಿ ನೋಡದೇ ಒಂದು ಹನಿ ಹಾಕಿದ್ಯಂದ್ರ ನೋಡು. ಮರಿಲಾಕ ಆಗಂಗಿಲ್ಲಂದ್ರ ಗಿಡ ವಾಪಸ್ ಪಾಠವ್, ಇಲ್ಲಿಗಿ ಕಳಿಸು!”

ಸುರೇಖಾ ಕುಂಡವನ್ನು ಕಿಟಕಿಯಿಂದ ಕೆಳಗಿಳಿಸಿದಳು. ನನಗೆ ನಗು ತಡೆಯಲಾಗಲಿಲ್ಲ. ಕಲ್ಲುಗುಲಾಬಿಯ ವಿಷಯದಲ್ಲಿ ಅತ್ತೆ ಇಷ್ಟು ಜಾಣೆಯಾದದ್ದು ಒಂದೇ ಮಳೆಗಾಲದಲ್ಲಿ. ಆ ಮಳೆಗಾಲ ನಮ್ಮಿಬ್ಬರಿಗೂ ಸುಲಭವಾಗಿ ಕಳೆದದ್ದಲ್ಲ.

ಅವ್ವ ತೀರಿಕೊಂಡದ್ದು ಆ ವರ್ಷದ ಬೇಸಿಗೆಯ ಕೊನೆಗೆ, ಮೊದಲ ಮಳೆ ಇನ್ನೂ ಬೀಳದಿದ್ದಾಗ. ನನ್ನ ತವರು ಬೀದರ. ಅವ್ವ ಹಾಸಿಗೆ ಹಿಡಿದ ಮೇಲೆ ಮಾಳಿಗೆಯ ಮೇಲಿನ ಅವಳ ಮಲ್ಲಿಗೆ, ದಾಸವಾಳ, ಕರಿಬೇವು ಎಲ್ಲವೂ ನೀರು ಕಾಣದೆ ಒಣಗಿಹೋಗಿದ್ದವು. ಬದುಕಿದ್ದು ಎಣ್ಣೆ ಡಬ್ಬಿಯಲ್ಲಿದ್ದ ಇದೊಂದೇ. ಅಂಗಡಿಯವರು ಸಕ್ಯುಲೆಂಟ್ ಎಂದು ಮಾರುವ ಜಾತಿಯದು. ದಪ್ಪ ಎಲೆಗಳು ಸುತ್ತುಸುತ್ತಾಗಿ ಜೋಡಿಸಿಕೊಂಡು, ಮೇಲಿನಿಂದ ನೋಡಿದರೆ ಬೂದಿ ಬಣ್ಣದ ಗುಲಾಬಿಯೇ. ಕಲ್ಲಿನ ಸಂದಿಯಲ್ಲೂ ಬದುಕುತ್ತದೆಂದು ಅವ್ವ ತಾನೇ ಅದಕ್ಕೆ ಕಲ್ಲುಗುಲಾಬಿ ಎಂದು ಹೆಸರಿಟ್ಟಿದ್ದಳು. ಅಣ್ಣ “ನಿನಗೇನು ಬೇಕು ಶೈಲಾ?” ಎಂದು ಕೇಳಿದಾಗ ನಾನು ಆ ಡಬ್ಬಿಯನ್ನು ತೋರಿಸಿದೆ. ಅವ್ವನ ಕೈಯಾಡಿದ ಜೀವ ಅಂತ ಉಳಿದದ್ದು ಅದೊಂದೇ. ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ತಂದೆ.

ಅತ್ತೆಗೂ ಅವ್ವನಿಗೂ ನನ್ನ ಮದುವೆಯ ದಿನದಿಂದಲೇ ಆಗಿಬರುತ್ತಿರಲಿಲ್ಲ. ಕಾರಣ ಕೇಳಿದರೆ ನಗುತ್ತೀರಿ. ಬೀಳ್ಕೊಡುವ ಹೊತ್ತಿಗೆ ಅವ್ವ ಅಳುತ್ತಾ ಅಳುತ್ತಾ ಯಾರಿಗೋ ಹೇಳಿದಳು, “ನಿಲಂಗಾ ಅಂದ್ರ ಎಲ್ಲಾ ಮರಾಠಿ ಮಂದಿ. ನಮ್ಮ ಹುಡುಗಿ ಜೋಡಿ ಬಾಯಿ ಬಿಚ್ಚಿ ಕನ್ನಡ ಮಾತಾಡೋರು ಯಾರವ್ವ ಅಲ್ಲಿ?” ಅತ್ತೆ ಹಿಂದೆಯೇ ನಿಂತಿದ್ದರು. ಅತ್ತೆಯ ತವರು ಕನ್ನಡ ಸೀಮೆಯ ಆಳಂದ. ನಿಲಂಗಾ ಪೇಟೆಯಲ್ಲಿ ಕಿರಾಣಿ ಅಂಗಡಿ ಇಟ್ಟ ಮನೆಗೆ ಬಂದು, ಹೊರಗೆ ಮರಾಠಿ, ಒಳಗೆ ಕನ್ನಡ ಎಂದು ಪಟ್ಟು ಹಿಡಿದು ಮಕ್ಕಳಿಗೆ ಕನ್ನಡ ಕಲಿಸಿದವರು. ಅವರಿಗೆ ಈ ಮಾತು ಮೆಣಸಿನಕಾಯಿ ಅರೆದು ಹಚ್ಚಿದ ಹಾಗಾಯಿತು. “ನಾವೇನು ಮೂಕರಿದ್ದೀವೇನ್ರಿ?” ಎಂದು ಅಲ್ಲೇ ಕೇಳಿಬಿಟ್ಟರು. ಆಮೇಲೆ ಇಬ್ಬರೂ ನೇರವಾಗಿ ಮಾತಾಡಿದ್ದು ನಾನು ಕಾಣೆ. ಒಂದೇ ಕೋಣೆಯಲ್ಲಿ ಕೂತು “ನಿಮ್ಮವ್ವಗ ಚಾ ಬೇಕೇನ ಕೇಳು”, “ನಿಮ್ಮ ಅತ್ತಿಗಿ ಸಕ್ರಿ ಕಡಿಮಿ ಅಂತ ಹೇಳು” ಎಂದು ನನ್ನನ್ನು ನಡುವೆ ನಿಲ್ಲಿಸಿಕೊಂಡು ವ್ಯವಹಾರ ನಡೆಸುತ್ತಿದ್ದರು.

ಅವ್ವನಿಗೆ ಕೊನೆಗಾಲ ಬಂತೆಂದು ಗೊತ್ತಾಗಿ ನಾನು ಮೊದಲೇ ಬೀದರಕ್ಕೆ ಹೋಗಿದ್ದೆ. ಅತ್ತೆ ಬಂದು ಮುಟ್ಟುವಷ್ಟರಲ್ಲಿ ಎಲ್ಲಾ ಮುಗಿದಿತ್ತು. ಬಂದವರು ಅಳಲಿಲ್ಲ. ಸೆರಗು ಹೊದ್ದು ಗೋಡೆಗೆ ಆತುಕೊಂಡು ಕೂತೇ ಇದ್ದರು. ಆ ಒಣ ಕಣ್ಣುಗಳನ್ನು ನೋಡಿ ನನ್ನ ಮನಸ್ಸು ಕಲ್ಲಾಯಿತು. ನಿಲಂಗಾಕ್ಕೆ ಮರಳಿದ ಮೇಲೂ ಅವರೊಂದಿಗೆ ಬೇಕಾದಷ್ಟೇ ಮಾತಾಡುತ್ತಿದ್ದೆ.

ಅವ್ವನ ಎಣ್ಣೆ ಡಬ್ಬಿಯ ತಳ ತುಕ್ಕು ಹಿಡಿದಿತ್ತು. ನಿಲಂಗಾ ಬಸ್‌ಸ್ಟ್ಯಾಂಡಿನಲ್ಲಿ ಇಳಿಯುವಾಗ ಅದು ಕಳಚಿ ಬಿದ್ದು, ಬೀದರದ ಕೆಂಪು ಮಣ್ಣು ಪ್ಲಾಟ್‌ಫಾರಂ ತುಂಬಾ ಚೆಲ್ಲಿತು. ಮನೆಗೆ ಬಂದು ದೊಡ್ಡ ಮಣ್ಣಿನ ಕುಂಡಕ್ಕೆ ನಮ್ಮ ಕಡೆಯ ಕಪ್ಪು ಎರೆಮಣ್ಣು ತುಂಬಿ ಗಿಡ ಊರಿದೆ. ಬೀದರದ ಮಣ್ಣು ಜಲ್ಲಿಯ ಮಣ್ಣು, ನೀರು ಹಾಕಿದರೆ ನಿಲ್ಲದೆ ಇಳಿದುಹೋಗುತ್ತದೆ. ನಿಲಂಗಾದ ಕರಿಮಣ್ಣು ಒಮ್ಮೆ ನೀರು ಕುಡಿಯಿತೆಂದರೆ ಬಿಡುವುದಿಲ್ಲ. ತೊಗರಿಗೆ, ಸೋಯಾಬೀನಿಗೆ ಅದೇ ಬೇಕು, ಕಲ್ಲುಗುಲಾಬಿಗೆ ಅದೇ ಕುತ್ತು. ಇದು ನನಗೆ ಆಮೇಲೆ ತಿಳಿದ ಮಾತು.

ಮಿರಗದ ಮಳೆ, ಅಂದರೆ ಮೃಗಶಿರೆಯ ಮಳೆ, ಚೆನ್ನಾಗಿ ಹಿಡಿಯಿತು. ಪೇಟೆಯ ಮುಖದಲ್ಲಿ ಕಳೆ ಬಂತು, ಬಿತ್ತನೆ ಬೀಜದ ಅಂಗಡಿಗಳ ಮುಂದೆ ಜನ ಸಾಲುಗಟ್ಟಿದರು. ನಮ್ಮದು ಕೆಳಗೆ ಅಂಗಡಿ, ಹಿಂದೆ ಅಂಗಳ, ಮೇಲೆ ಮನೆ. ಗಿಡವನ್ನು ಮಳೆ ತಾಗದಂತೆ ಅಂಗಳದ ತಗಡಿನ ಪತ್ರಾಸಿನ ಕೆಳಗೆ ಇಟ್ಟಿದ್ದೆ. ಶ್ರಾವಣ ಹಿಡಿದ ಕೆಲವೇ ದಿನಗಳಲ್ಲಿ ಅದರ ಕೆಳಗಿನ ಎಲೆಗಳು ಹಳದಿಯಾಗತೊಡಗಿದವು. ನಾವು ಕಾಕು ಎಂದು ಕರೆಯುವ ಪಕ್ಕದ ಮನೆಯ ಮರಾಠಿ ಹೆಂಗಸು ನೋಡಿ, “ಪಾಣಿ ಕಮಿ ಪಡ್ತಂಯ ಗ, ನೀರು ಸಾಲವಲ್ತು ಅದಕ್ಕ” ಎಂದರು. ನಮ್ಮನೆಯವರೂ ಅಂಗಡಿಯಿಂದ ಇಣುಕಿ ಅದನ್ನೇ ಹೇಳಿದರು. ಸೊರಗಿದ ಗಿಡ ಕಂಡರೆ ಎಲ್ಲರ ಬಾಯಲ್ಲೂ ನೀರು ಎಂಬ ಒಂದೇ ಔಷಧಿ.

ನನಗೆ ಮಾತ್ರ ಅನುಮಾನ. ಬಾಯಾರಿದ ಕಲ್ಲುಗುಲಾಬಿಯನ್ನು ನಾನು ಅವ್ವನ ಮಾಳಿಗೆಯಲ್ಲಿ ಕಂಡಿದ್ದೆ. ಅದರ ಎಲೆಗಳು ಮುದುಕಿಯ ಬೆರಳಿನ ಹಾಗೆ ಸುಕ್ಕುಗಟ್ಟುತ್ತವೆ, ತೆಳ್ಳಗಾಗುತ್ತವೆ, ಆದರೆ ಗಟ್ಟಿಯಾಗಿ ಕಚ್ಚಿಕೊಂಡಿರುತ್ತವೆ. ಇಲ್ಲಿ ಎಲೆಗಳು ಉಬ್ಬಿದ್ದವು. ಒತ್ತಿದರೆ ಪಿಚಕ್ಕೆಂದು ರಸ ಬರುತ್ತಿತ್ತು. ಮೊಬೈಲಿನಲ್ಲಿ ಹುಡುಕಿ ಎರಡು ವಿಡಿಯೋ ನೋಡಿದ ಮೇಲೆ ಖಾತ್ರಿಯಾಯಿತು: ಇದು ನೀರು ಹೆಚ್ಚಾದ ಲಕ್ಷಣ. ಆದರೆ ನಾನು ನೀರೇ ಹಾಕುತ್ತಿರಲಿಲ್ಲವಲ್ಲ! ಆದರೂ ಬೆಳಿಗ್ಗೆ ಬೆರಳಿಟ್ಟು ನೋಡಿದರೆ ಮಣ್ಣು ಹಸಿ.

ಪತ್ರಾಸು ಸೋರುತ್ತಿದೆ ಎಂದುಕೊಂಡೆ. ನಮ್ಮನೆಯವರನ್ನು ಏಣಿ ಹತ್ತಿಸಿ ಡಾಂಬರು ಮೆತ್ತಿಸಿದೆ. ಮತ್ತೆ ಹಸಿ. ಪಕ್ಕದ ನಲ್ಲಿ ಸಿಡಿಯುತ್ತಿರಬೇಕೆಂದು ಕುಂಡವನ್ನು ಹೊತ್ತು ಮಾಳಿಗೆಯ ಮೆಟ್ಟಿಲಿನ ಕೊನೆಗೆ, ಛಾವಣಿ ಇರುವ ಮೂಲೆಗೆ ಒಯ್ದಿಟ್ಟೆ. ಎರಡು ದಿನ ಮೇಲ್ಮಣ್ಣು ಒಣಗಿತು, ಮೂರನೆಯ ದಿನ ಮತ್ತೆ ಹಸಿ. ಬುಡದ ಕಾಂಡ ಕಪ್ಪಾಗತೊಡಗಿತ್ತು. ನಾನು ಸಿಟ್ಟಿನಿಂದ ಕುಂಡವನ್ನು ಬೆಳಕಿಗೆ ತಿರುಗಿಸಿದೆ. ಆಗ ಕಂಡಿತು: ಕುಂಡದ ಅಂಚಿಗೆ ವಿಭೂತಿಯ ಬಿಳಿ ಗೆರೆ, ಮಣ್ಣಿಗೆ ಅಂಟಿಕೊಂಡ ಬಿಲ್ವಪತ್ರಿಯ ಒಂದು ಎಸಳು.

ನಮ್ಮ ಮನೆಗಳ ರೂಢಿ ಗೊತ್ತಿಲ್ಲದವರಿಗೆ ಇಷ್ಟು ಹೇಳಬೇಕು. ದಿನಾ ಬೆಳಿಗ್ಗೆ ಸ್ನಾನವಾದ ಮೇಲೆ ಕೊರಳಿನ ಲಿಂಗವನ್ನು ಅಂಗೈಯಲ್ಲಿಟ್ಟು ನೀರೆರೆದು, ವಿಭೂತಿ ಹಚ್ಚಿ, ಪತ್ರಿ ಏರಿಸಿ ಪೂಜೆ ಮಾಡುತ್ತೇವೆ. ಆ ನೀರು ತೀರ್ಥ. ತೀರ್ಥ ತೆಗೆದುಕೊಂಡು ಉಳಿದದ್ದನ್ನು ಬಚ್ಚಲಿಗೆ ಚೆಲ್ಲುವ ಹಾಗಿಲ್ಲ, ಕಾಲು ತುಳಿಯುವ ಕಡೆ ಹಾಕುವ ಹಾಗಿಲ್ಲ. ಯಾವುದಾದರೂ ಗಿಡದ ಬುಡಕ್ಕೆ ಹಾಕಬೇಕು. ಉಳಿದ ತಿಂಗಳುಗಳಲ್ಲಿ ಒಂದು ಬಟ್ಟಲು ನೀರು ಉಳಿದರೆ ಹೆಚ್ಚು. ಶ್ರಾವಣದಲ್ಲಿ ಹಾಗಲ್ಲ. ಎಲ್ಲರ ಪೂಜೆಯೂ ಉದ್ದವಾಗುತ್ತದೆ. ಮಾವನವರದ್ದು, ನಮ್ಮನೆಯವರದ್ದು, ತಮ್ಮದು, ಎಲ್ಲವನ್ನೂ ಅತ್ತೆ ಒಂದು ತಂಬಿಗೆಗೆ ಸುರುವಿಕೊಂಡು ಹೊರಗೆ ಹೋಗುತ್ತಿದ್ದರು. ಎಲ್ಲಿಗೆ ಹೋಗುತ್ತಾರೆಂದು ನಾನು ನೋಡಿರಲಿಲ್ಲ.

ಮರುದಿನ ಬೆಳಿಗ್ಗೆ ಮಾಳಿಗೆಯ ಮೆಟ್ಟಿಲ ಹತ್ತಿರ ಕಾದು ನಿಂತೆ. ಮಂಡಿನೋವು ಎಂದು ಮೇಲಿನ ಹಪ್ಪಳ ತೆಗೆಯಲೂ ನನ್ನನ್ನೇ ಕಳಿಸುವ ಅತ್ತೆ, ಗೋಡೆ ಹಿಡಿದು, ಮೆಟ್ಟಿಲಿಗೊಮ್ಮೆ ನಿಂತು ಉಸಿರು ಬಿಟ್ಟು, ತಂಬಿಗೆ ಹಿಡಿದುಕೊಂಡು ಹತ್ತಿ ಬಂದರು. ಸೀದಾ ನನ್ನ ಕುಂಡದ ಬಳಿ ಹೋಗಿ ತಂಬಿಗೆ ಬಗ್ಗಿಸಿದರು.

“ಅತ್ತಿ! ಏನ್ ಮಾಡ್ಲತ್ತೀರಿ?”

ಅವರು ಬೆಚ್ಚಿದರು. ಆದರೆ ಬಗ್ಗುವ ಜಾತಿಯವರಲ್ಲ. “ಕಾಣಲ್ಲೇನು? ತೀರ್ಥ ಹಾಕ್ಲತ್ತೀನಿ.”

“ಕೆಳಗ ಬಿಲ್ವಪತ್ರಿ ಗಿಡ ಅದ, ದಾಸವಾಳ ಅದ. ಅವೆಲ್ಲಾ ಬಿಟ್ಟು ಇದರ ಬೆನ್ನ ಯಾಕ ಬಿದ್ದೀರಿ? ನಮ್ಮವ್ವನ ಮ್ಯಾಲಿನ ಸಿಟ್ಟು ಗಿಡದ ಮ್ಯಾಲ ತೀರಸ್ಲತ್ತೀರೇನು?”

ಅತ್ತೆ ಮೆಟ್ಟಿಲ ಮೇಲೆ ಕೂತುಬಿಟ್ಟರು. ತಂಬಿಗೆಯನ್ನು ಎದೆಗೆ ಒತ್ತಿ ಹಿಡಿದಿದ್ದರು.

“ಸಿಟ್ಟಿತ್ತವ್ವ. ಇಲ್ಲ ಅನ್ನಂಗಿಲ್ಲ,” ಎಂದರು. “ಆದ್ರ ಆಕಿ ಹೋಗೋ ಮುಂದ ಬಾಯಾಗ ತೀರ್ಥ ಬಿಡಬೇಕಂತ, ನನ್ನ ಪೂಜಿ ಬಟ್ಟಲಾ ಕಟ್ಟಗೊಂಡೇ ಬಂದಿದ್ದೆ ನಾ. ಭಾಲ್ಕಿ ಹತ್ರ ಬಸ್ ಪಂಕ್ಚರ್ ಆಗಿ ನಿಂತುಬಿಡ್ತು. ಬಂದು ನೋಡೋದ್ರಾಗ ಆಕಿ ಇಲ್ಲೇ ಇಲ್ಲ. ಮಾತು ಬಿಟ್ಟಿದ್ದು ಬಿಟ್ಟೆ, ಒಂದು ಹನಿ ನೀರು ಸೈತ ನನ್ನ ಕೈಲಿಂದ ಆಕಿಗಿ ಮುಟ್ಟಲಿಲ್ಲ ನೋಡು. ಈ ಗಿಡದ ಬುಡಕ್ಕ ಹಾಕಿದ್ರ ಮುಟ್ತದೇನೋ ಅಂತ…”

ಬೀದರದಲ್ಲಿ ಬಾರದ ಕಣ್ಣೀರು ಆಗ ಬಂತು. ಅವರಿಗೂ, ನನಗೂ. ಅವರ ಪಕ್ಕದಲ್ಲಿ ಕೂತೆ. ಇಷ್ಟು ದಿನ ಈ ಹೆಂಗಸನ್ನು ಕಲ್ಲೆದೆಯವಳು ಎಂದುಕೊಂಡಿದ್ದೆ. ಆದರೆ ಹೇಳಬೇಕಾದ್ದನ್ನು ಹೇಳಲೇಬೇಕಿತ್ತು. ಕಪ್ಪಾದ ಬುಡವನ್ನು ತೋರಿಸಿದೆ. ಅತ್ತೆ ಬೆರಳಿಂದ ಒತ್ತಿ ನೋಡಿದರು.

“ಅಗ ಬಾಈ! ನಾನೇ ಕೊಂದ್ನೇನು ಆಕಿಗಿ?”

“ಇನ್ನಾ ಸತ್ತಿಲ್ಲ. ಏಳ್ರಿ, ನೋಡಮು,” ಎಂದೆ.

ಕುಂಡ ಬೋರಲು ಹಾಕಿದಾಗ ಮಣ್ಣು ಕೆಸರಿನ ಮುದ್ದೆಯಾಗಿ ಬಿತ್ತು. ಬೇರುಗಳು ಬೆಂದ ಶ್ಯಾವಿಗೆಯಂತೆ, ಹಿಡಿದರೆ ಸಿಪ್ಪೆ ಜಾರಿ ಒಳಗಿನ ನಾರಷ್ಟೇ ಕೈಯಲ್ಲಿ ಉಳಿಯುತ್ತಿತ್ತು. ಚಾಕುವನ್ನು ಗ್ಯಾಸಿನ ಉರಿಗೆ ಹಿಡಿದು, ಆರಿಸಿ, ಕಾಂಡವನ್ನು ಕೆಳಗಿನಿಂದ ಹೋಳುಹೋಳಾಗಿ ಕಡಿಯುತ್ತಾ ಬಂದೆ. ಪ್ರತಿ ಹೋಳಿನ ನಡುವೆ ಕಂದು ಚುಕ್ಕೆ. ಆ ಚುಕ್ಕೆ ಇರುವ ತನಕ ಕೊಳೆ ಮೇಲೇರುತ್ತಲೇ ಇರುತ್ತದೆ. ಅತ್ತೆ ಪ್ರತಿ ಸಲ “ಬಂತೇನು? ಹಸರ ಬಂತೇನು?” ಎಂದು ಕೇಳುತ್ತಿದ್ದರು. ತಲೆಯ ಹತ್ತಿರಕ್ಕೆ ಬಂದಾಗ ಚೊಕ್ಕ ಹಸಿರು ಕಂಡ ಹಾಗಾಯಿತು. ಉಳಿದದ್ದು ನಿಂಬೆಹಣ್ಣಿನಷ್ಟು ಗುಲಾಬಿ, ಮತ್ತು ಬುಡ ಹರಿಯದೆ ಇಡಿಯಾಗಿ ಬಿಡಿಸಿಕೊಂಡ ಕೆಲವು ಗಟ್ಟಿ ಎಲೆಗಳು. ಮೆತ್ತಗಾದ ಎಲೆಗಳನ್ನೆಲ್ಲ ಎಸೆದೆವು.

ಗಾಯ ಒಣಗುವ ತನಕ ಮಣ್ಣು ಮುಟ್ಟಿಸಬಾರದು. ಆದರೆ ಶ್ರಾವಣದ ತೇವದಲ್ಲಿ ಒಗೆದ ಸೀರೆಯೇ ಒಣಗುವುದಿಲ್ಲ, ಇನ್ನು ಇದು ಹೇಗೆ ಒಣಗೀತು? ಇಲ್ಲಿ ಅತ್ತೆ ಮುಂದೆ ಬಂದರು. ವರ್ಷಗಟ್ಟಲೆ ಶಂಡಿಗೆ ಒಣಗಿಸಿದ ಕೈ. ಮೊರಕ್ಕೆ ಹಳೆಯ ಪೇಪರು ಹಾಸಿ, ತಲೆಯನ್ನೂ ಎಲೆಗಳನ್ನೂ ಒಂದಕ್ಕೊಂದು ತಾಗದಂತೆ ಜೋಡಿಸಿ, ಅಂಗಡಿಯೊಳಗೆ ಒಣ ಜೋಳದ ಚೀಲಗಳ ಮೇಲೆ ಫ್ಯಾನಿನ ಕೆಳಗೆ ಇಟ್ಟರು. ಗಿರಾಕಿಗಳು ಇದೇನು ಹೊಸ ತರಕಾರಿ ಎಂದು ಕೇಳುತ್ತಿದ್ದರು. ನಮ್ಮನೆಯವರು ಗಂಭೀರವಾಗಿ, “ನಮ್ಮ ಬೀಗರು ದವಾಖಾನ್ಯಾಗ ಅಡ್ಮಿಟ್ ಆಗ್ಯಾರ,” ಎನ್ನುತ್ತಿದ್ದರು.

ಅವರೇ ಸಾಮಾನು ತರಲು ಬೀದರಕ್ಕೆ ಹೋದಾಗ ಒಂದು ಚೀಲ ಕೆಂಪು ಮಣ್ಣು ತಂದರು. ಅದಕ್ಕೆ ದಪ್ಪ ಮರಳು, ಒಡೆದ ಇಟ್ಟಿಗೆಯ ಚೂರು ಬೆರೆಸಿದೆ. ದೊಡ್ಡ ಕುಂಡ ಬೇಡವೆಂದು ಅಗಲ ಬಾಯಿಯ ಸಣ್ಣ ಕುಂಡ ತೆಗೆದುಕೊಂಡು, ತಳದ ತೂತು ದೊಡ್ಡದು ಮಾಡಿ, ಕೆಳಗೆ ತಟ್ಟೆ ಇಡದೆ ಎರಡು ಇಟ್ಟಿಗೆಯ ಮೇಲೆ ಕೂರಿಸಿದೆ. ಗಾಯದ ಮೇಲೆ ಒಣ ಹಕ್ಕಳೆ ಕಟ್ಟಿದ ಮೇಲೆ ಗುಲಾಬಿಯನ್ನು ನಡುವೆ ಇಟ್ಟು, ಎಲೆಗಳನ್ನು ಸುತ್ತ ಒಣ ಮಣ್ಣಿನ ಮೇಲೆ ಮಲಗಿಸಿದೆವು. ನೀರು ಒಂದು ಹನಿಯೂ ಇಲ್ಲ.

ಅತ್ತೆಗೆ ಇದೇ ದೊಡ್ಡ ವ್ರತವಾಯಿತು. ಉಪವಾಸ ಮಾಡೆಂದರೆ ಮಾಡಿಯಾರು, ಕೈಯಲ್ಲಿ ತಂಬಿಗೆ ಇದ್ದೂ ಎದುರಿಗಿನ ಗಿಡಕ್ಕೆ ಹಾಕದೆ ಇರುವುದು ಅವರಿಗೆ ಆಗದ ಮಾತು. “ಬೇರಿಲ್ಲದ್ದಕ್ಕ ಬಾಯಿಲ್ಲ ಅತ್ತಿ, ಏನರೆ ಕುಡೀತದ ಅದು?” ಎಂದು ತಿಳಿಸಿ ಹೇಳಿದೆ. ಆದರೂ ಅವರ ಕೈ ಸುಮ್ಮನಿರುತ್ತದೆಂಬ ಭರವಸೆ ನನಗಿರಲಿಲ್ಲ. ಉಮರ್ಗಾಕ್ಕೆ ಒಂದು ಮದುವೆಗೆ ಹೋದಾಗ ಹೈವೇ ಬದಿಯ ನರ್ಸರಿಯಿಂದ ಕರ್ದಳದ ಗಡ್ಡೆ ತಂದೆ. ಕರ್ದಳ ಅಂದರೆ ನಮ್ಮ ಕಾಬಾಳೆ. ಕಾಲು ನೀರಲ್ಲೇ ಇದ್ದರೂ ಖುಷಿಯಾಗಿರುವ ಗಿಡ. ಅದನ್ನು ಅದೇ ಎರೆಮಣ್ಣಿನ ದೊಡ್ಡ ಕುಂಡದಲ್ಲಿ ಊರಿ ಪೂಜೆಯ ಕೋಣೆಯ ಬಾಗಿಲ ಬಳಿಯೇ ಇಟ್ಟೆ. “ತೀರ್ಥ ಎಲ್ಲಾ ಇದಕ್ಕ ಹಾಕ್ರಿ. ಹೂ ಬಿಟ್ರ ನಿಮ್ಮ ಲಿಂಗಕ್ಕೇ ಏರಸ್ಲಾಕ ಬರ್ತದ.” ಅತ್ತೆ ಅದನ್ನು ಸವತಿಯನ್ನು ನೋಡಿದ ಹಾಗೆ ನೋಡಿದರು. ಆದರೆ ಹಾಕಿದರು.

ಶ್ರಾವಣ ಮುಗಿದು ಭಾದ್ರಪದ ಬಂತು. ಒಂದು ಬೆಳಿಗ್ಗೆ ನೋಡಿದರೆ ನಡುವಿನ ಗುಲಾಬಿ ಒಂದು ಕಡೆ ವಾಲಿತ್ತು. ಎತ್ತಿದೆ. ಹೃದಯದ ತನಕ ಕಪ್ಪು. ನಾವು ಹಸಿರು ಕಂಡೆವೆಂದುಕೊಂಡ ಕಡೆಯಲ್ಲೇ ಕೊಳೆ ಅಡಗಿ ಕೂತಿತ್ತು. ಕೈಯಲ್ಲಿ ಹಿಡಿದುಕೊಂಡು ಮೆಟ್ಟಿಲ ಮೇಲೆ ಕೂತು, ಅವ್ವ ಇನ್ನೊಂದು ಸಲ ಹೋದಳೆಂದು ಬಿಕ್ಕಿಬಿಕ್ಕಿ ಅತ್ತುಬಿಟ್ಟೆ. ಅತ್ತೆ ಬಂದು ನನ್ನ ತಲೆಯ ಮೇಲೆ ಕೈಯಿಟ್ಟು ನಿಂತರು. ಆಮೇಲೆ ಬಗ್ಗಿ ಆ ಕೊಳೆತದ್ದರ ಕೆಳಗಿನ ಮಣ್ಣನ್ನು ಚಮಚದಿಂದ ಕೆರೆದು ತೆಗೆದು, ಉಳಿದ ಎಲೆಗಳನ್ನು ಒಂದೊಂದಾಗಿ ಮುಟ್ಟಿ ನೋಡಿ, “ಇವು ಗಟ್ಟಿ ಅವ. ತಗಿಬ್ಯಾಡ,” ಎಂದು ಕೆಳಗಿಳಿದು ಹೋದರು.

ಅವತ್ತಿನಿಂದ ಎಲೆಗಳ ಕಾವಲು ಅವರದ್ದಾಯಿತು. ಮಂಡಿನೋವಿನ ಮಾತೇ ಇಲ್ಲ. ಕೆಲವು ಎಲೆ ಸುಮ್ಮನೆ ಒಣಗಿ ಹೋದವು. ಮೋಡ ಹರಿದು ಬಿಸಿಲು ತಿಳಿಯಾಗಿ, ಹೊಲಗಳಲ್ಲಿ ಸೋಯಾಬೀನು ಹಳದಿಗೆ ತಿರುಗುವ ಹೊತ್ತಿಗೆ ಒಂದು ಮಧ್ಯಾಹ್ನ ಮಾಳಿಗೆಯಿಂದ ಕೂಗು ಕೇಳಿತು, “ಶೈಲಾ, ಲೌಕರ್ ಯೇ, ಜಲ್ದಿ ಬಾ!” ಬಿದ್ದರೇನೋ ಎಂದು ಒಲೆ ಆರಿಸದೆ ಓಡಿದೆ. ಅತ್ತೆ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ ಕುಂಡದ ಮೇಲೆ ಬಾಗಿದ್ದರು. ಒಂದು ಎಲೆಯ ಬುಡದಲ್ಲಿ ಹೊಲಿಗೆಯ ದಾರದಂಥ ಗುಲಾಬಿ ಬಣ್ಣದ ಬೇರು, ಅದರ ಪಕ್ಕ ಸಾಸಿವೆ ಕಾಳಿನಷ್ಟು ಒಂದು ಗುಲಾಬಿ. ಎಲೆ ಸೊರಗುತ್ತಾ, ಮರಿ ದಪ್ಪವಾಗುತ್ತಾ ಬಂತು. ಅಷ್ಟರಲ್ಲಿ ಇನ್ನೂ ಕೆಲವು ಎಲೆಗಳು ಮರಿ ಹಾಕಿದವು.

ಬೇರುಗಳು ಮಣ್ಣು ಹಿಡಿದ ಮೇಲೆ ಮೊದಲ ನೀರು ಕೊಡುವ ದಿನ ಬಂತು. ದೀಪಾವಳಿ ಹತ್ತಿರವಿತ್ತು. ಊದಿನಕಡ್ಡಿಯನ್ನು ಮಣ್ಣಿನ ಆಳಕ್ಕೆ ಚುಚ್ಚಿ ಹೊರಗೆ ತೆಗೆದೆ. ಮಣ್ಣು ಅಂಟಿ ಬಂದರೆ ಕಾಯಬೇಕು, ಚೊಕ್ಕವಾಗಿ ಬಂದರೆ ಹಾಕಬಹುದು. ಚೊಕ್ಕವಾಗಿ ಬಂತು. ಅತ್ತೆಯನ್ನು ಕರೆದೆ.

“ನೀವೇ ಹಾಕ್ರಿ ಅತ್ತಿ.”

“ನನ್ನ ಕೈ ಬ್ಯಾಡವ್ವ,” ಎಂದು ಅವರು ಎರಡು ಹೆಜ್ಜೆ ಹಿಂದೆ ಸರಿದರು. “ನನ್ನ ಕೈ ಛಲೋ ಇಲ್ಲ.”

“ಈಗ ಅದಕ್ಕ ಬೇಕದ. ಬಾಯಿ ಬಂದದ.”

ಅವರು ಕೆಳಗೆ ಹೋಗಿ ಆ ದಿನದ ತೀರ್ಥದ ತಂಬಿಗೆ ತಂದರು, ಜೊತೆಗೆ ಬೀದರಕ್ಕೆ ಕಟ್ಟಿಕೊಂಡು ಹೋಗಿ ಹಾಗೇ ವಾಪಸು ತಂದಿದ್ದ ಪೂಜೆಯ ಪುಟ್ಟ ಬಟ್ಟಲು. ಬಟ್ಟಲಿಗೆ ಸ್ವಲ್ಪವೇ ಸುರುವಿಕೊಂಡು, ಮರಿಗಳ ತಲೆಗೆ ತಾಗದಂತೆ, ಸುತ್ತ ಅಂಚಿನಲ್ಲಿ ಮೆಲ್ಲಗೆ ಬಿಟ್ಟರು. ಕೆಂಪು ಮಣ್ಣು ನೀರನ್ನು ಹಿಡಿದುಕೊಳ್ಳದೆ ಒಳಗಿಳಿಸಿಕೊಂಡಿತು. ಕೆಳಗಿನ ಇಟ್ಟಿಗೆ ಸ್ವಲ್ಪ ಒದ್ದೆಯಾಯಿತು. ಅತ್ತೆ ಸೆರಗು ತಲೆಯ ಮೇಲೆ ಎಳೆದುಕೊಂಡು, ಮದುವೆಯಾದಂದಿನಿಂದ ನನ್ನನ್ನು ನಡುವೆ ನಿಲ್ಲಿಸದೆ ಆಡದಿದ್ದ ಮಾತನ್ನು ಸೀದಾ ಆ ಕುಂಡಕ್ಕೆ ಆಡಿದರು.

“ಬೀಗ್ತಿ, ಕುಡೀರಿ. ನಿಮ್ಮ ಮಗಳ ಜೋಡಿ ಕನ್ನಡ ಮಾತಾಡ್ಲಾಕ ನಾ ಇದ್ದೀನಿ.”

ತಂಬಿಗೆಯಲ್ಲಿ ಇನ್ನೂ ಬೇಕಾದಷ್ಟು ನೀರಿತ್ತು. ಅದರ ಕಡೆ ಒಮ್ಮೆ, ಕುಂಡದ ಕಡೆ ಒಮ್ಮೆ ನೋಡಿದರು. ಆಮೇಲೆ ಗೋಡೆ ಹಿಡಿದು, ಮೆಟ್ಟಿಲಿಗೊಮ್ಮೆ ನಿಂತು ಉಸಿರು ಬಿಡುತ್ತಾ, ಕಾಬಾಳೆಗೆ ಹಾಕಲು ಕೆಳಗಿಳಿದರು.